ಪ್ರವಾಸದ ಕಡೇ ದಿವಸಗಳೂ ಸಮಪಾಲಿನ ಲೆಕ್ಕವೂ



ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಆದರೆ ದೇಶ ಸುತ್ತಿದವನು ಏನನ್ನು ಕಲಿತು ಬರುತ್ತಾನೆಂಬದನ್ನು ಆ ಗಾದೆಯು ಹೇಳುವದಿಲ್ಲ. ಅವನು ಬೆಟ್ಟಗಳನ್ನೂ ಕೋಟೆಗಳನ್ನೂ ನೋಡಿ ಬರಬಹುದು. ಇಲ್ಲವೆ ತನ್ನ ಸಂಗಡ ಬಂದವರನ್ನೂ, ಅದಕ್ಕಿಂತ ಹೆಚ್ಚಾಗಿ ತನ್ನನ್ನೂ ನೋಡಿ ಬರಬಹುದು. ಈ ಎರಡನೇ ನೋಟವು ಪ್ರಯಾಣದ ಮೊದಲನೇ ದಿವಸಗಳಲ್ಲಿ ದೊರಕುವದು ಅಪರೂಪ. ಆಗ ಎಲ್ಲರ ಚೀಲವೂ ತುಂಬಿರುತ್ತದೆ, ಎಲ್ಲರ ಮುಖವೂ ಅರಳಿರುತ್ತದೆ. ಒಬ್ಬನು ಚಹದ ಹಣ ಕೊಡಲಿಕ್ಕೆ ಕೈ ಚಾಚುವಷ್ಟರಲ್ಲಿ ಇನ್ನೊಬ್ಬನು ಕೊಟ್ಟುಬಿಟ್ಟಿರುತ್ತಾನೆ. ಕಡೇ ಎರಡು ಮೂರು ದಿವಸಗಳಲ್ಲಿಯಾದರೋ ಹಣವು ತೀರುತ್ತಾ ಬರುತ್ತದೆ, ಕಾಲು ನೋಯುತ್ತದೆ, ನೋಡಬೇಕಾದದ್ದು ಇನ್ನೂ ಬಹಳ ಉಳಿಯಿತೆಂಬ ಆತುರವು ಹುಟ್ಟುತ್ತದೆ. ಸ್ನೇಹದ ತೂಕವು ತಿಳಿಯುವದು ಆಗಲೇ.

ಆದಕಾರಣ ಈ ಲೇಖನದಲ್ಲಿ ಒಂದು ಪ್ರಶ್ನೆಯನ್ನು ವಿಚಾರಿಸೋಣ. ಪ್ರಾಣಸ್ನೇಹಿತರು ಕೂಡಿ ಮಾಡಿದ ವೆಚ್ಚವನ್ನು ಸಮಪಾಲಾಗಿ ಹಂಚಿಕೊಂಡರೆ ನ್ಯಾಯವು ತೀರಿತೋ? ಸಮಪಾಲಿಗಿಂತ ನ್ಯಾಯವಾದದ್ದು ಬೇರೆ ಏನುಂಟು ಎಂದು ಅನೇಕರು ಹೇಳುವರು. ನಾನೂ ಹಾಗೆಯೇ ಹೇಳುತ್ತಿದ್ದೆನು. ಆ ಮಾತನ್ನು ಹೇಗೆ ಬಿಡಬೇಕಾಯಿತೆಂಬದನ್ನು ಮೊದಲು ತಿಳಿಸಿ, ತರುವಾಯ ಅದರ ನೀತಿಯನ್ನು ಪರೀಕ್ಷಿಸುವೆನು.

ನಾವು ಐವರು ಸ್ನೇಹಿತರು. ಚಿಕ್ಕಂದಿನಲ್ಲಿ ಒಂದೇ ಶಾಲೆಯ ಒಂದೇ ಬೆಂಚಿನ ಮೇಲೆ ಕೂತವರು. ಈಗ ಒಬ್ಬನು ಶಾಲಾಮಾಸ್ತರನು, ಒಬ್ಬನು ಕಿರಾಣಿ ಅಂಗಡಿಯವನು, ಒಬ್ಬನು ಬೇಂಕಿನಲ್ಲಿ ಗುಮಾಸ್ತನು, ಒಬ್ಬನು ದರ್ಜಿ, ಐದನೆಯವನು ನಾನು. ಶ್ರೀಲಂಕಾ ದ್ವೀಪವನ್ನು ಒಮ್ಮೆ ಒಟ್ಟಾಗಿ ನೋಡಬೇಕೆಂದು ಮೂರು ವರುಷಗಳ ತನಕ ತಿಂಗಳು ತಿಂಗಳು ಸಮವಾಗಿ ಹಣ ಕೂಡಿಸಿದೆವು. ಕೂಡಿಸಿದ ಹಣವೂ ಲೆಕ್ಕದ ಪುಸ್ತಕವೂ ನನ್ನ ಕೈಯಲ್ಲಿದ್ದವು. 2024ನೇ ಇಸವಿಯ ಜನವರಿ ತಿಂಗಳಲ್ಲಿ ಬೆಂಗಳೂರಿನಿಂದ ವಿಮಾನವೇರಿ ಸುಮಾರು ಒಂದೂವರೆ ತಾಸಿನಲ್ಲಿ ಕೊಲಂಬೋ ಪಟ್ಟಣದ ಹತ್ತರ ಇಳಿದೆವು. ನಮ್ಮ ಊರಿನಿಂದ ಬೆಂಗಳೂರಿಗೆ ಬರಲಿಕ್ಕೆ ಹಿಡಿದ ರಾತ್ರಿಯೇ ಅದಕ್ಕಿಂತ ಎಷ್ಟೋ ದೊಡ್ಡದಾಗಿತ್ತು.

ಮೊದಲನೇ ದಿವಸಗಳ ಸಂತೋಷವನ್ನು ಸಂಕ್ಷೇಪವಾಗಿ ಹೇಳುವೆನು. ಕ್ಯಾಂಡಿಯ ಹತ್ತರವಿರುವ ಪೆರಾದೆನಿಯದಲ್ಲಿ 1821ನೇ ಇಸವಿಯಲ್ಲಿ ಸ್ಥಾಪನೆಯಾದ ಸಸ್ಯತೋಟವನ್ನು ನೋಡಿದೆವು. ಬೆಟ್ಟದ ಸೀಮೆಯಲ್ಲಿ ಚಹದ ತೋಟಗಳ ನಡುವೆ ರೈಲಿನಲ್ಲಿ ಹೋದೆವು. ಅಲ್ಲಿ ಚಹದ ಬೆಳೆಯು 1867ರಲ್ಲಿ ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನಿಂದ ಆರಂಭವಾಯಿತು. ಕೆಲವು ವರುಷಗಳಲ್ಲಿ ಎಲೆಯ ರೋಗದಿಂದ ಕಾಫಿ ತೋಟಗಳು ಹಾಳಾದಾಗ ಚಹವೇ ಆ ಸೀಮೆಯನ್ನೆಲ್ಲಾ ವ್ಯಾಪಿಸಿತು. ತೋಟದ ಕೂಲಿಯವರ ಪೂರ್ವಿಕರು ನಮ್ಮ ದೇಶದ ತಮಿಳು ಸೀಮೆಯಿಂದ ಹೋದವರು. ದೆಮೋದರದ ಹತ್ತರ 1921ರಲ್ಲಿ ಮುಗಿದ ಒಂಭತ್ತು ಕಮಾನುಗಳ ಸೇತುವೆಯ ಕೆಳಗೆ ನಿಂತು ಐವರೂ ಚಿಕ್ಕ ಮಕ್ಕಳ ಹಾಗೆ ರೈಲಿಗೆ ಕೈಬೀಸಿದೆವು. ನಮ್ಮ ಒಂದು ರೂಪಾಯಿಗೆ ಅಲ್ಲಿಯ ಮೂರಕ್ಕಿಂತ ಹೆಚ್ಚು ರೂಪಾಯಿಗಳು ಸಿಕ್ಕುತ್ತಿದ್ದದರಿಂದ ಕೈಯಲ್ಲಿ ನೋಟಿನ ಕಂತೆಯು ದಪ್ಪವಾಗಿತ್ತು; ಐಶ್ವರ್ಯವಂತರಾದೆವೆಂಬ ಭ್ರಮೆಯೂ ಅದರ ಸಂಗಡ ಬಂತು. ಹೀಗಿರಲಾಗಿ ವೆಚ್ಚವು ಎಲ್ಲೆ ಮೀರಿದ್ದು ನಮಗೆ ತಿಳಿಯಲಿಲ್ಲ.

ಆರನೇ ದಿವಸ ಸಾಯಂಕಾಲ ದಕ್ಷಿಣ ಸಮುದ್ರತೀರದ ಮಿರಿಸ್ಸ ಎಂಬ ಊರನ್ನು ಮುಟ್ಟಿದೆವು. ಆ ರಾತ್ರಿ ನಾನು ಲೆಕ್ಕ ನೋಡಿ, ಒಟ್ಟಿನ ಹಣವು ಊರು ಮುಟ್ಟುವದಕ್ಕೆ ಸಾಲದು, ಎಲ್ಲರೂ ಸಮವಾಗಿ ಇನ್ನಷ್ಟು ಹಾಕಬೇಕೆಂದು ತಿಳಿಸಿದೆನು. ಎಲ್ಲರೂ ಕೊಟ್ಟರು. ದರ್ಜಿಯಾದ ಸ್ನೇಹಿತನು ಎದ್ದು ಹೋಗಿ, ತನ್ನ ಪೆಟ್ಟಿಗೆಯ ಅಡಿಯಿಂದ ಒಂದು ಲಕ್ಕೋಟೆಯನ್ನು ತೆಗೆದು, ಬೆನ್ನು ತಿರುಗಿಸಿಕೊಂಡು ಎಣಿಸಿ, ತಂದುಕೊಟ್ಟನು. ನಾನು ಅದನ್ನು ಕಂಡೆನು. ಕಂಡದ್ದನ್ನು ಮನಸ್ಸಿಗೆ ತಂದುಕೊಳ್ಳಲಿಲ್ಲ.

ಅಂಗಡಿಯವನು ಕೂಡಲೇ, ಇಲ್ಲಿ ದೋಣಿಯಲ್ಲಿ ಹೋದರೆ ನೀಲಿ ತಿಮಿಂಗಿಲವನ್ನು ನೋಡಬಹುದಂತೆ, ಇಷ್ಟು ದೂರ ಬಂದು ಅದನ್ನು ನೋಡದೆ ಹೋಗುವದೋ, ಇನ್ನು ಜನ್ಮದಲ್ಲಿ ಬರುತ್ತೇವೋ ಇಲ್ಲವೋ ಎಂದನು. ಭೂಮಿಯ ಮೇಲಿರುವ ಎಲ್ಲಾ ಪ್ರಾಣಿಗಳಲ್ಲಿ ಅತಿ ದೊಡ್ಡದು ಅದೇ. ನವೆಂಬರಿನಿಂದ ಏಪ್ರಿಲಿನ ವರೆಗೆ ಆ ತೀರದಿಂದ ಅದು ಕಾಣಸಿಗುತ್ತದೆ. ನಮ್ಮೆಲ್ಲರ ಆಶೆಯು ಎದ್ದಿತು. ಆದರೆ ಒಂದು ತಲೆಗೆ ಕೊಡಬೇಕಾದ ಹಣವು ನಮ್ಮೂರಿನ ಹೊಲಿಗೆಯವನ ಒಂದು ವಾರದ ದುಡಿಮೆಗೆ ಕಡಿಮೆಯಾಗಿರಲಿಲ್ಲ. ಆಗ ದರ್ಜಿಯು ನಕ್ಕು, ನೀವು ಹೋಗಿ ಬನ್ನಿರಿ ಮಾರಾಯರೇ, ದೋಣಿ ಹತ್ತಿದರೆ ನನಗೆ ವಾಂತಿ ಬರುತ್ತದೆ ಎಂದನು.

ವಾಚಕರೇ, ಇವನು ಕಡಲ ಕರೆಯಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಮೊಗವೀರರ ದೋಣಿಯಲ್ಲಿ ಬೆಳಗಾಗುವ ಮುಂಚೆ ಸಮುದ್ರಕ್ಕೆ ಹೋಗಿ, ಮೀನು ತಕ್ಕೊಂಡು ಶಾಲೆಗೆ ತಡವಾಗಿ ಬಂದು ಪೆಟ್ಟು ತಿಂದವನು. ಇದನ್ನು ನಾವು ನಾಲ್ವರೂ ಬಲ್ಲೆವು. ಆದರೂ ನಾವು, ಪಾಪ, ಹಾಗಾದರೆ ವಿಶ್ರಾಂತಿ ತಕ್ಕೋ ಎಂದೆವು. ಅವನ ಮಾತನ್ನು ನಾವು ನಂಬಿದ್ದರಿಂದ ಒಪ್ಪಿಕೊಂಡದ್ದಲ್ಲ. ನಂಬುವದು ನಮಗೆ ಅನುಕೂಲವಾಗಿದ್ದದರಿಂದ ಒಪ್ಪಿಕೊಂಡೆವು. ನಾನು ಒಟ್ಟಿನ ಹಣದಿಂದ ನಾಲ್ಕು ಟಿಕೀಟುಗಳನ್ನು ಕೊಂಡೆನು.

ಮಾರನೇ ದಿವಸ ದೋಣಿಯಲ್ಲಿ ಬಹಳ ಹೊತ್ತು ಕಾದ ಮೇಲೆ ನೀರಿನಿಂದ ಉಸಿರಿನ ಕಾರಂಜಿಯು ಎದ್ದಿತು. ಬೂದು ನೀಲಿ ಬಣ್ಣದ ಬೆನ್ನೊಂದು ಮುಗಿಯದ ಗೋಡೆಯಂತೆ ನಿಧಾನವಾಗಿ ಜಾರಿ ಹೋಯಿತು. ಕಡೆಗೆ ಬಾಲವು ಮೇಲೆದ್ದು ಮುಳುಗಿತು. ನಾನು ಆನಂದದಿಂದ, ಕಂಡಿಯೋ ಎಂದು ಪಕ್ಕಕ್ಕೆ ತಿರುಗಿದೆನು. ನಲವತ್ತು ವರುಷಗಳಲ್ಲಿ ಯಾರ ಕಡೆಗೆ ಹಾಗೆ ತಿರುಗುವದು ನನಗೆ ರೂಢಿಯಾಗಿತ್ತೋ ಅವನು ಅಲ್ಲಿ ಇರಲಿಲ್ಲ.

ನಾವು ಹಿಂದಿರುಗಿದಾಗ ಅವನು ವಸತಿಗೃಹದ ಜಗಲಿಯಲ್ಲಿ ಮನೆಯೊಡತಿಯ ಹಳೇ ಹೊಲಿಗೆ ಯಂತ್ರದ ಮುಂದೆ ಕೂತಿದ್ದನು. ಅದು ಕೆಟ್ಟುಹೋಗಿತ್ತಂತೆ, ಇವನು ಬಿಚ್ಚಿ, ಎಣ್ಣೆ ಹಾಕಿ, ನಡೆಯುವಂತೆ ಮಾಡಿ, ಆಕೆಯ ಪರದೆಗಳನ್ನೂ ನಮ್ಮ ಹರಿದ ಚೀಲಗಳ ಪಟ್ಟಿಗಳನ್ನೂ ಹೊಲಿದಿದ್ದನು. ಆಕೆಯ ಭಾಷೆ ಇವನಿಗೆ ಬಾರದು, ಇವನ ಭಾಷೆ ಆಕೆಗೆ ಬಾರದು. ಆದರೆ ಸಿಂಹಳ ಭಾಷೆಯಲ್ಲಿಯೂ ಹಿರಿಯ ಸಹೋದರಿಗೆ ಅಕ್ಕಾ ಎಂದೇ ಹೇಳುತ್ತಾರೆ. ಇವನು ಅಕ್ಕಾ ಎಂದು ಕರೆದದ್ದರಿಂದ ಆಕೆಯು ಅರ್ಧಂಬರ್ಧ ಇಂಗ್ಲೀಷಿನಲ್ಲಿಯೂ ಕೈಸನ್ನೆಯಲ್ಲಿಯೂ ಮಾತಾಡಿ, ಮಧ್ಯಾಹ್ನ ಅನ್ನವನ್ನೂ ಮೀನಿನ ಸಾರನ್ನೂ ಬಡಿಸಿ, ಹಣ ಬೇಡವೆಂದಳು.

ಇದನ್ನು ಕೇಳಿ ಕೆಲವರು, ನೋಡಿರಿ, ಹಿಂದುಳಿದವನಿಗೇ ಹೆಚ್ಚು ಲಾಭವಾಯಿತು, ಅವನು ಮನುಷ್ಯರ ಪ್ರೀತಿಯನ್ನು ಕಂಡನು, ನೀವು ಮೀನಿನ ಬೆನ್ನನ್ನು ಮಾತ್ರ ಕಂಡಿರಿ ಎಂದು ಹೇಳಾರು. ಈ ಸಮಾಧಾನವನ್ನು ನಾನು ತಕ್ಕೊಳ್ಳಲಾರೆನು. ಅವನು ತನ್ನ ನಷ್ಟವನ್ನು ಒಳ್ಳೇದಾಗಿ ಉಪಯೋಗಿಸಿಕೊಂಡದ್ದು ಅವನ ಗುಣ. ಅದರಿಂದ ನಮ್ಮ ಕೃತ್ಯವು ಒಳ್ಳೇದಾಗುವದಿಲ್ಲ. ಬಡವನು ಬಡತನವನ್ನು ಚೆನ್ನಾಗಿ ಸಹಿಸಿದನೆಂದು ಅವನನ್ನು ಹೊಗಳಿ ತನ್ನ ಮನಸ್ಸಾಕ್ಷಿಗೆ ಜೋಗುಳ ಹಾಡುವದು ಉಳ್ಳವರ ಹಳೇ ಉಪಾಯವಾಗಿದೆ.

ಆ ರಾತ್ರಿ ಮಾಸ್ತರನು ಲೆಕ್ಕದ ಪುಸ್ತಕವನ್ನು ತಿರುವಿ, ನಾಲ್ಕು ಟಿಕೀಟುಗಳ ಹಣವು ಐವರ ಲೆಕ್ಕದಲ್ಲಿ ಬಿದ್ದಿದೆಯಲ್ಲಾ ಎಂದನು. ಹೌದು, ದೋಣಿಗೆ ಹೋಗದವನಿಂದ ನಾನು ದೋಣಿಯ ಐದರಲ್ಲೊಂದು ಪಾಲನ್ನು ತಕ್ಕೊಂಡಿದ್ದೆನು! ಅಂಗಡಿಯವನು, ಸಮಪಾಲೆಂದು ಮೊದಲೇ ಒಪ್ಪಿದ್ದೆವು, ಬಾರದೆ ಇದ್ದದ್ದು ಅವನ ಇಷ್ಟ ಎಂದನು. ಮಾಸ್ತರನಿಗೆ ಸಿಟ್ಟು ಬಂತು. ನಿನ್ನೆ ಅವನು ಕೊಟ್ಟ ಹಣ ಯಾವದೆಂದು ಬಲ್ಲಿರೋ? ಮಗಳ ಲಂಗಕ್ಕೆ ಇಲ್ಲಿಯ ಬಾಟಿಕ್ ಬಟ್ಟೆ ಕೊಳ್ಳಲಿಕ್ಕೆ ಇಟ್ಟುಕೊಂಡದ್ದು ಎಂದನು. ಅಂಗಡಿಯವನು, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಹಣವಿಲ್ಲದವನು ಮೊದಲೇ ಹೇಳಬೇಕಾಗಿತ್ತು ಎಂದನು. ಗುಮಾಸ್ತನು ಒಂದೂ ಮಾತಾಡದೆ ಹೊರಗೆ ಹೋದನು. ದರ್ಜಿಯ ಮುಖವು ಕೆಂಪಾಯಿತು. ಬಿಡಿರಿ, ಸಮಪಾಲೆಂದ ಮೇಲೆ ಸಮಪಾಲು ಎಂದು ಹೇಳಿ, ಗೋಡೆಯ ಕಡೆಗೆ ತಿರುಗಿ ಮಲಗಿದನು.

ಮರುದಿವಸ ಗಾಲ್ ಎಂಬ ಪಟ್ಟಣದ ಕೋಟೆಯನ್ನು ನೋಡಿದೆವು. ಅದನ್ನು ಮೊದಲು ಪೋರ್ತುಗೀಸರು ಕಟ್ಟಿದರು, 1640ರಲ್ಲಿ ಡಚ್ಚರು ಹಿಡಿದು ಬಲಪಡಿಸಿದರು, 1796ರಲ್ಲಿ ಅದು ಇಂಗ್ಲಿಷರ ಕೈಸೇರಿತು. ಕೋಟೆಯೊಳಗೆ 1755ರಲ್ಲಿ ಕಟ್ಟಲ್ಪಟ್ಟ ಡಚ್ಚರ ದೇವಾಲಯದ ನೆಲಕ್ಕೆ ಸಮಾಧಿಯ ಕಲ್ಲುಗಳೇ ಹಾಸಿವೆ. ಬೇರೆ ದಿವಸವಾಗಿದ್ದರೆ ಐವರೂ ತಲೆ ಕೂಡಿಸಿ ಆ ಕಲ್ಲುಗಳನ್ನು ಓದುತ್ತಿದ್ದೆವು. ಆ ದಿವಸ ಒಬ್ಬೊಬ್ಬನು ಒಂದೊಂದು ಮೂಲೆಯಲ್ಲಿ ನಿಂತು, ನೋಡಿದ ಹಾಗೆ ಮಾಡಿ ಹೊರಗೆ ಬಂದೆವು. ಮನಸ್ಸು ಮುರಿದವರಿಗೆ ಎಂಥಾ ಕೋಟೆಯಾದರೂ ಬರೀ ಕಲ್ಲೇ.

ಸಾಯಂಕಾಲ ಗಾಲಿನಿಂದ ಕೊಲಂಬೋಗೆ ರೈಲು ಹತ್ತಿದೆವು. ಆ ದಾರಿಯು ಬಹು ದೂರದ ತನಕ ಸಮುದ್ರದ ಅಂಚಿನಲ್ಲಿಯೇ ಹೋಗುತ್ತದೆ. ಹಿಕ್ಕಡುವ ಎಂಬ ಊರು ದಾಟಿದ ಮೇಲೆ ಪೆರಲಿಯ ಎಂಬ ಗ್ರಾಮವು ಸಿಕ್ಕುತ್ತದೆ. 2004ನೇ ಇಸವಿಯ ಡಿಸೆಂಬರ್ 26ನೇ ತಾರೀಕು, ಆದಿತ್ಯವಾರ, ಹುಣ್ಣಿಮೆಯ ರಜಾದಿವಸದಲ್ಲಿ, ಕೊಲಂಬೋದಿಂದ ದಕ್ಷಿಣಕ್ಕೆ ಹೋಗುತ್ತಿದ್ದ ತುಂಬಿದ ರೈಲು ಅಲ್ಲಿ ಸುನಾಮಿಯ ಮೊದಲನೇ ತೆರೆಗೆ ನಿಂತಿತು. ಜನರು ಗಾಡಿಗಳ ಮೇಲೆ ಹತ್ತಿಕೊಂಡರು. ಬೇರೆ ಕೆಲವರು ಗಾಡಿಗಳ ಹಿಂದೆ ಮರೆಹೊಕ್ಕರು. ಅಷ್ಟರಲ್ಲಿ ಅದಕ್ಕಿಂತ ದೊಡ್ಡ ತೆರೆಯು ಬಂದು ಗಾಡಿಗಳನ್ನೇ ಎತ್ತಿ ಎಸೆಯಿತು. ಸಾವಿರಕ್ಕಿಂತ ಹೆಚ್ಚು ಜನರು ಅಲ್ಲಿ ಸತ್ತರು. ಆ ದ್ವೀಪದಲ್ಲಿ ಆ ಒಂದೇ ದಿವಸ 30,000ಕ್ಕಿಂತ ಹೆಚ್ಚು ಪ್ರಾಣಗಳು ಹೋದವು. ನಾವು ದಾಟುವಾಗ ಸಮುದ್ರವು ಹಾಲಿನ ತಟ್ಟೆಯಂತೆ ಶಾಂತವಾಗಿತ್ತು.

ಆಗ ನನಗೆ ಈ ಯೋಚನೆ ಬಂತು. ನಮ್ಮ ಪ್ರವಾಸಕ್ಕೆ ಕಡೇ ದಿವಸ ಯಾವದೆಂಬದು ಟಿಕೀಟಿನ ಮೇಲೆ ಅಚ್ಚಾಗಿದೆ. ನಮ್ಮ ಸ್ನೇಹಕ್ಕೆ ಕಡೇ ದಿವಸ ಯಾವದೆಂಬದು ಎಲ್ಲಿಯೂ ಅಚ್ಚಾಗಿಲ್ಲ. ಆ ರೈಲಿನಲ್ಲಿ ಕೂತವರೊಳಗೂ ಹಿಂದಿನ ದಿವಸ ಜಗಳಮಾಡಿ, ನಾಳೆ ಸರಿಮಾಡಿಕೊಳ್ಳೋಣ ಎಂದವರು ಇದ್ದಿರಲಾರರೋ? ನಾನು ಎದ್ದು ದರ್ಜಿಯ ಪಕ್ಕದಲ್ಲಿ ಕೂತು, ನಿನ್ನ ಮಾತು ಸುಳ್ಳೆಂದು ಬಲ್ಲೆನು, ಬಲ್ಲೆನಾದರೂ ಬಿಟ್ಟು ಹೋದೆನು, ಕ್ಷಮಿಸು ಎಂದೆನು. ಅವನು ಕಿಟಿಕಿಯಿಂದ ಮುಖ ತಿರುಗಿಸದೆ, ನಾನು ಸುಳ್ಳು ಹೇಳಿದ್ದು ನನ್ನ ತಪ್ಪು, ಒಮ್ಮೆಯಾದರೂ ಕೇಳದೆ ಇದ್ದದ್ದು ನಿಮ್ಮ ತಪ್ಪು, ಹಣದ ಮಾತು ಅದರ ಮುಂದೆ ದೊಡ್ಡದಲ್ಲ ಎಂದನು.

ಸ್ವಲ್ಪ ಹೊತ್ತಿನ ಮೇಲೆ ಅವನೇ ಆ ಮನೆಯೊಡತಿಯ ಸಂಗತಿಯನ್ನು ಎಲ್ಲರಿಗೂ ಹೇಳಿದನು. 2022ನೇ ಇಸವಿಯಲ್ಲಿ ಆ ದೇಶದ ಬೊಕ್ಕಸದಲ್ಲಿ ವಿದೇಶದ ಹಣವು ಬರಿದಾಗಿ, ಪೆಟ್ರೋಲಿಗೂ ಅಡಿಗೆಯ ಗ್ಯಾಸಿಗೂ ಜನರು ದಿನಗಟ್ಟಲೆ ಸಾಲುನಿಂತರು. ಆಗ ಆಕೆಯ ಓಣಿಯ ನಾಲ್ಕು ಮನೆಯವರು ಒಂದೇ ಒಲೆಯಲ್ಲಿ ಅಡಿಗೆ ಮಾಡಿದರಂತೆ. ಕಟ್ಟಿಗೆ ಇದ್ದವರು ಕಟ್ಟಿಗೆ ತಂದರು, ತೆಂಗಿನಮರ ಇದ್ದವರು ಕಾಯಿ ತಂದರು, ದೋಣಿಯವನು ಮೀನು ತಂದನು. ಏನೂ ಇಲ್ಲದ ಮುದುಕಿಯು ಪಾತ್ರೆ ತೊಳೆದಳು. ಲೆಕ್ಕ ಬರೆದವರು ಯಾರು ಎಂದು ಇವನು ಕೇಳಿದ್ದಕ್ಕೆ ಆಕೆಯು ನಕ್ಕಳಂತೆ.

ಈಗ ಪ್ರಶ್ನೆಗೆ ಬರೋಣ. ಸಮಪಾಲು ನ್ಯಾಯವೋ? ಗುರುತಿಲ್ಲದವರ ನಡುವೆ ಅದು ನ್ಯಾಯವೇ ಸರಿ. ಒಂದು ಬಸ್ಸಿನಲ್ಲಿ ಕೂತ ಎಲ್ಲರಿಗೂ ಒಂದೇ ದರ. ಕಂಡಕ್ಟರನು ಪ್ರತಿಯೊಬ್ಬನ ಮನೆಯ ಸಂಗತಿಯನ್ನು ವಿಚಾರಿಸಲಾರನು. ಆದರೆ ಸ್ನೇಹಿತನು ಕಂಡಕ್ಟರನಲ್ಲ; ಅವನು ಮನೆಯ ಸಂಗತಿಯನ್ನು ಬಲ್ಲವನು. ಬಲ್ಲವನು ಅರಿಯದವನಂತೆ ಲೆಕ್ಕಹಾಕಿದರೆ ಅದು ನ್ಯಾಯದ ವೇಷ ಹಾಕಿಕೊಂಡ ಅಲಕ್ಷ್ಯವಾಗಿದೆ.

ಗ್ರೀಸ್ ದೇಶದ ತತ್ವಜ್ಞಾನಿಯಾದ ಅರಿಸ್ಟಾಟಲನು ಕ್ರಿಸ್ತನಿಗಿಂತ ಮುನ್ನೂರಕ್ಕೂ ಹೆಚ್ಚು ವರುಷಗಳ ಮುಂಚೆ ನೀತಿಯ ವಿಷಯವಾಗಿ ಒಂದು ಗ್ರಂಥವನ್ನು ಬರೆದನು. ಅದರ ಹತ್ತು ಭಾಗಗಳಲ್ಲಿ ಎರಡನ್ನು ಅವನು ಸ್ನೇಹಕ್ಕೇ ಕೊಟ್ಟಿದ್ದಾನೆ. ಅದೇ ಗ್ರಂಥದಲ್ಲಿ ಅವನು ಕೊಡುವ ದೃಷ್ಟಾಂತವು ಹೀಗಿದೆ. ಊಟಕ್ಕೆ ಹತ್ತು ಅಳತೆಯು ಬಹಳ, ಎರಡು ಅಳತೆಯು ಕೊಂಚ ಎಂದಾದರೆ, ಎಲ್ಲರಿಗೂ ಆರು ಅಳತೆಯೇ ತಕ್ಕದ್ದೆಂದು ಹೇಳಲಾಗದು. ಯಾಕಂದರೆ ಮೈಲೋ ಎಂಬ ಹೆಸರಾದ ಜಟ್ಟಿಗೆ ಅದು ಸಾಲದು, ಗರಡಿಗೆ ಹೊಸದಾಗಿ ಬಂದವನಿಗೆ ಅದು ಹೆಚ್ಚು. ಊಟದಲ್ಲಿ ಹೇಗೋ ಭಾರದಲ್ಲಿಯೂ ಹಾಗೆಯೇ. ಗುಮಾಸ್ತನಿಗೆ ಒಂದು ದಿವಸದ ಸಂಬಳವಾದದ್ದು ದರ್ಜಿಗೆ ಒಂದು ವಾರದ ಬೆವರು. ಅಂಕಿ ಒಂದೇ, ಭಾರ ಒಂದಲ್ಲ. ಬಡ ವಿಧವೆಯ ಎರಡು ಕಾಸಿನ ಸಂಗತಿಯನ್ನು ಬಲ್ಲ ನಮಗೆ ಇದು ಹೊಸ ಮಾತಲ್ಲ. ಆದರೂ ಲೆಕ್ಕದ ಪುಸ್ತಕವು ಕೈಗೆ ಬಂದ ಕೂಡಲೇ ನಾವು ಅದನ್ನು ಮರೆಯುತ್ತೇವೆ.

ಇಲ್ಲಿ ಎರಡು ಆಕ್ಷೇಪಣೆಗಳು ಬರಬಹುದು. ಮೊದಲನೇದು: ಹಾಗಾದರೆ ಉಳ್ಳವನು ಇಲ್ಲದವನ ಪಾಲನ್ನೂ ಕೊಟ್ಟುಬಿಡಲಿ, ತೀರಿತು. ತೀರುವದಿಲ್ಲ. ದಿನಾಲು ಇನ್ನೊಬ್ಬನ ಹಣದಲ್ಲಿ ಉಣ್ಣುವವನು ಸ್ನೇಹಿತನಾಗಿ ಉಳಿಯುವದು ಕಷ್ಟ. ಅವನ ತಲೆಯು ಬಾಗುತ್ತದೆ, ಬಾಗಿದ ತಲೆಯು ನಿಜವನ್ನು ಹೇಳದು. ನಮ್ಮ ದರ್ಜಿಯ ಸುಳ್ಳೂ ಈ ಭಯದಿಂದಲೇ ಹುಟ್ಟಿತು. ಎರಡನೇದು: ಒಬ್ಬನ ಬಡತನಕ್ಕಾಗಿ ನಾಲ್ವರು ತಿಮಿಂಗಿಲವನ್ನು ನೋಡದೆ ಬರಬೇಕೋ? ಹಾಗೆಂದು ನಾನು ಆಜ್ಞಾಪಿಸಲಾರೆನು. ನಾಲ್ವರು ಅವನನ್ನು ಬಹಿರಂಗವಾಗಿ ಕೇಳಿ, ಅವನ ನಿಜವಾದ ಸಮ್ಮತಿಯಿಂದ, ತಮ್ಮ ಹಣದಲ್ಲಿ ಹೋಗಿ ಬಂದಿದ್ದರೆ ಅದರಲ್ಲಿ ದೋಷವಿಲ್ಲ. ಒಟ್ಟಾಗಿ ನೋಡಬೇಕೆಂದು ಹೊರಟವರು ಒಟ್ಟುತನವನ್ನೇ ಟಿಕೀಟಿನ ಹಣಕ್ಕೆ ಮಾರಿ, ಮಾರಿದ್ದನ್ನು ಅರಿಯದವರಂತೆ ನಟಿಸಿದ್ದೇ ದೋಷವು.

ಹಾಗಾದರೆ ಮಾಡತಕ್ಕದ್ದೇನು? ಐದು ಬೆರಳುಗಳು ಸಮವಿಲ್ಲವೆಂದು ನಾವು ಹೇಳುತ್ತೇವೆ. ಹೇಳಿ ಅಲ್ಲಿಯೇ ನಿಲ್ಲಿಸುತ್ತೇವೆ. ಅನ್ನದ ತುತ್ತನ್ನು ಎತ್ತುವಾಗ ಅವೇ ಬೆರಳುಗಳನ್ನು ನೋಡಿರಿ. ಆಗ ಐದರ ತುದಿಗಳೂ ಒಂದೇ ಕಡೆಯಲ್ಲಿ ಕೂಡುತ್ತವೆ. ಅದು ಹೇಗೆ? ಗಿಡ್ಡ ಬೆರಳನ್ನು ಯಾರೂ ಎಳೆದು ಉದ್ದಮಾಡುವದಿಲ್ಲ; ಉದ್ದ ಬೆರಳೇ ಬಾಗುತ್ತದೆ. ಬಾಗಿದ್ದರಿಂದ ಅದು ಗಿಡ್ಡವಾಗುವದಿಲ್ಲ, ಕೈಗೆ ತುತ್ತು ಸಿಕ್ಕುತ್ತದೆ. ಹಾಗೆಯೇ ಕೂಡಿ ಹೊರಡುವವರು, ಹೊರಡುವದಕ್ಕೆ ಮುಂಚೆಯೇ, ಅತಿ ಚಿಕ್ಕ ಚೀಲ ಯಾರದೆಂದು ನೋಡಿ ಆ ಚೀಲಕ್ಕೆ ತಕ್ಕಂತೆ ದಾರಿಯನ್ನು ಗೊತ್ತುಮಾಡಲಿ. ಆಗ ಸಮಪಾಲೇ ನ್ಯಾಯವಾಗುವದು. ಯಾರೂ ದಾನ ಕೊಡಬೇಕಾಗಿಲ್ಲ, ಯಾರೂ ಸುಳ್ಳು ಹೇಳಬೇಕಾಗಿಲ್ಲ. ದಾರಿಯಲ್ಲಿ ಹೊಸ ಆಶೆ ಹುಟ್ಟಿದರೆ ಮೊದಲು ಬಾಯಿಬಿಡತಕ್ಕವನು ಉಳ್ಳವನೇ. ಇಲ್ಲದವನು ತನ್ನ ಇಲ್ಲದಿಕೆಯನ್ನು ಹೇಳುವದು ಎಷ್ಟು ಕಷ್ಟವೋ, ಉಳ್ಳವನು ಕೇಳುವದು ಅಷ್ಟು ಕಷ್ಟವಲ್ಲ. ಇಲ್ಲದವನಾದರೂ ಕೇಳಿದಾಗ ನಿಜವನ್ನು ಹೇಳಲಿ. ಸ್ನೇಹಿತನಿಂದ ಬಡತನವನ್ನು ಅಡಗಿಸುವದು ಅವನನ್ನು ಪರಕೀಯನೆಂದು ಎಣಿಸಿದ ಹಾಗೆಯೇ.

ನಮ್ಮ ವಾಚಕರಲ್ಲಿ ಪರದೇಶಕ್ಕೆ ಪ್ರವಾಸ ಹೋಗುವವರು ಕೆಲವರೇ. ಆದರೆ ಮದುವೆಯ ಉಡುಗೊರೆಗೆ ತಲೆಗೆ ಇಷ್ಟೆಂದು ಕೂಡಿಸುವವರು, ಒಟ್ಟಾಗಿ ಗಾಡಿ ಮಾಡಿಕೊಂಡು ಹೋಗುವವರು, ವನಭೋಜನಕ್ಕೆ ಪಟ್ಟಿ ಹಾಕುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಇಂಥಾ ಪಟ್ಟಿಯನ್ನು ಓದುವಾಗ ಯಾವನಾದರೂ, ನನಗೆ ಆ ದಿವಸ ಮೈಯಲ್ಲಿ ಸರಿಯಿಲ್ಲ ಎಂದರೆ, ಕೂಡಲೇ ಪಾಪ ಎನ್ನಬೇಡಿರಿ. ಅವನ ಮನೆಗೆ ಹೋಗಿ ಒಬ್ಬನಾಗಿ ಕೇಳಿರಿ.

ಕಡೇ ದಿವಸದ ಬೆಳಿಗ್ಗೆ ವಿಮಾನಕ್ಕೆ ಮುಂಚೆ ಕೊಲಂಬೋದ ಪೇಟೆಯಲ್ಲಿ ನಡೆದೆವು. ನಾನು ದೋಣಿಯ ಲೆಕ್ಕದಲ್ಲಿ ತಪ್ಪಾಗಿ ತಕ್ಕೊಂಡ ಐದರಲ್ಲೊಂದು ಪಾಲನ್ನು ದರ್ಜಿಗೆ ಹಿಂದಕ್ಕೆ ಕೊಟ್ಟೆನು. ಅವನು ಎಣಿಸಿ ತಕ್ಕೊಂಡನು. ಅಂಗಡಿಯವನು ಬಾಟಿಕ್ ಬಟ್ಟೆಯ ಪೂರ್ತಿ ಬೆಲೆಯನ್ನು ತಾನೇ ಕೊಡಲಿಕ್ಕೆ ಮುಂದೆ ಬಂದನು. ಅವನ ಕಣ್ಣಿನಲ್ಲಿ ನೀರಿತ್ತು. ದರ್ಜಿಯು ಅವನ ಕೈಯನ್ನು ಮೆಲ್ಲನೆ ತಳ್ಳಿ, ಬೇಡ ಮಾರಾಯಾ, ನೀನು ಬಣ್ಣ ಆರಿಸು, ನಿನಗೆ ಅದು ಚೆನ್ನಾಗಿ ತಿಳಿಯುತ್ತದೆ ಎಂದನು. ಅವರಿಬ್ಬರೂ ಬಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಚರ್ಚಿಸಿದರು. ಹಣವು ಒಂದೂವರೆ ಗಜಕ್ಕೆ ಮಾತ್ರ ಸಾಕಾಯಿತು. ಲಂಗಕ್ಕೆ ಅಷ್ಟು ಸಾಲದೆಂದು ದರ್ಜಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅಂಚಿಗೆ ಬೇರೆ ಬಟ್ಟೆ ಕೂಡಿಸುವೆನೆಂದು ಹೇಳಿ, ಅದನ್ನು ಮಡಿಸಿ, ಪೆಟ್ಟಿಗೆಯ ಅಡಿಯಲ್ಲಿ ಇಟ್ಟನು.

ಲೆಕ್ಕದ ಪುಸ್ತಕವು ಈಗಲೂ ನನ್ನ ಬಳಿಯಲ್ಲಿದೆ. ಕೂಡಿಸಿ ನೋಡಿದರೆ ಒಂದು ಪೈಸೆಯ ತಪ್ಪೂ ಅದರಲ್ಲಿ ಕಾಣದು. ಆದರೂ ಮುಂದಿನ ಪ್ರವಾಸಕ್ಕೆ ಹಣ ಕೂಡಿಸಲಿಕ್ಕೆ ನಾವು ಐವರು ಸೇರಿದ ಮೊದಲನೇ ಸಾಯಂಕಾಲ ಆ ಪುಸ್ತಕವನ್ನು ತೆರೆಯುವದಕ್ಕೆ ಮುಂಚೆ, ಯಾರ ಮನೆಯಲ್ಲಿ ಈ ವರುಷ ಏನು ಕಷ್ಟವುಂಟು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡೆವು. ಆ ಮಾತು ಮುಗಿಯುವದಕ್ಕೆ ರಾತ್ರಿ ಬಹಳವಾಯಿತು. ಹಣದ ಲೆಕ್ಕಕ್ಕೆ ಬೇಕಾದದ್ದು ಅರ್ಧ ಗಳಿಗೆ ಮಾತ್ರ.